ಪತ್ನಿಯ ವೈದ್ಯಕೀಯ ಓದು, ಪತಿಯ ಕ್ರೆಡಿಟ್ ಕಾರ್ಡ್ ಸಾಲ

ಮಂಗಳೂರು, ದೇರಳಕಟ್ಟೆ, ಮಣಿಪಾಲದ ವೈದ್ಯಕೀಯ ಕಾಲೇಜುಗಳ ಆಸುಪಾಸಿನಲ್ಲಿ ಬಾಡಿಗೆಗಿರುವ ಒಂದು ಯುವ ಸಂಸಾರವನ್ನು ಊಹಿಸಿಕೊಳ್ಳಿ. ಪತ್ನಿ ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷಗಳ ಎಂ.ಡಿ.ಗೆ ಸೇರಿದ್ದಾಳೆ. ಪತಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಬಾಡಿಗೆ, ಪುಸ್ತಕ, ಪರೀಕ್ಷಾ ಶುಲ್ಕ, ಮಗುವನ್ನು ನೋಡಿಕೊಳ್ಳುವವರ ಸಂಬಳ ಎಂದು ತಿಂಗಳ 20ನೇ ತಾರೀಕಿಗೆ ಕೈ ಖಾಲಿ. ಉಳಿದ ಹತ್ತು ದಿನ ಸಂಸಾರ ನಡೆಯುವುದು ಕ್ರೆಡಿಟ್ ಕಾರ್ಡಿನಲ್ಲಿ. 'ಅವಳು ಸ್ಪೆಷಲಿಸ್ಟ್ ಆದ ಮೇಲೆ ಎಲ್ಲ ತೀರಿಸಿದರಾಯಿತು' ಎಂಬುದು ಪತಿಯ ಸಮಾಧಾನ. ಅಪಾಯ ಅಡಗಿರುವುದು ಈ ಸಮಾಧಾನದಲ್ಲೇ.

ಲೆಕ್ಕ ಹಾಕಿ ನೋಡೋಣ. ಕಾರ್ಡಿನಲ್ಲಿ 1 ಲಕ್ಷ ರೂಪಾಯಿ ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ಬಡ್ಡಿ 3,500 ರೂ.; ಅದರ ಮೇಲೆ ಶೇ. 18 ಜಿ.ಎಸ್.ಟಿ. 630 ರೂ.; ಒಟ್ಟು 4,130 ರೂ. 'ಕನಿಷ್ಠ ಪಾವತಿ' ಎಂದು 5,000 ರೂ. ಕಟ್ಟಿದರೆ ಅಸಲಿಗೆ ಸೇರುವುದು ಬರೇ 870 ರೂ. ಕಾರ್ಡನ್ನು ಮತ್ತೆ ಮುಟ್ಟದೆ ತಿಂಗಳಿಗೆ 5,000ದಂತೆ ಒಂದು ವರ್ಷದಲ್ಲಿ 60,000 ಕಟ್ಟಿದರೂ ಕರಗುವ ಅಸಲು ಸುಮಾರು 13,000 ಮಾತ್ರ. ಅದೇ 1 ಲಕ್ಷವನ್ನು ವಾರ್ಷಿಕ ಶೇ. 14ರ ಬ್ಯಾಂಕ್ ಸಾಲಕ್ಕೆ ಬದಲಾಯಿಸಿ ಅಷ್ಟೇ ಹಣ ಕಟ್ಟಿದ್ದರೆ ಅಸಲಿನಲ್ಲಿ ಸುಮಾರು 49,000 ತೀರುತ್ತಿತ್ತು. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ.

ನಮ್ಮ ಕರಾವಳಿ ಬ್ಯಾಂಕುಗಳ ತವರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಠೇವಣಿಗೆ ನಮ್ಮ ಹಿರಿಯರು ದಿನಕ್ಕೆ ನಾಲ್ಕಾಣೆ, ಎಂಟಾಣೆ ಕೊಟ್ಟು ಮಕ್ಕಳನ್ನು ಓದಿಸಿದರು. ಸಣ್ಣ ಮೊತ್ತ ದೊಡ್ಡದಾಗುತ್ತದೆ ಎಂಬುದು ಆ ಪಾಠ. ಕಾರ್ಡಿನ ಕನಿಷ್ಠ ಪಾವತಿ ಈ ಪಾಠವನ್ನೇ ತಲೆಕೆಳಗು ಮಾಡುತ್ತದೆ. ಇಲ್ಲಿ ಸಣ್ಣ ಮೊತ್ತ ಕಟ್ಟಿದಷ್ಟೂ ಸಾಲದ ಆಯುಸ್ಸು ಹೆಚ್ಚುತ್ತದೆ.

ಕಾನೂನು ನಮ್ಮನ್ನು ಕಾಪಾಡೀತೇ? ಕಾರ್ಡ್ ಬಾಕಿಯ ಮೇಲೆ ವಾರ್ಷಿಕ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಾಗಾಗಿ ಆ ಮಿತಿಯನ್ನು ನಂಬಿ ಕೂರುವಂತಿಲ್ಲ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದಿಂದ ಕೆಲವು ರಕ್ಷಣೆಗಳು ಸಿಕ್ಕಿವೆ: ಕನಿಷ್ಠ ಪಾವತಿಯ ಪರಿಣಾಮವನ್ನು ಬಿಲ್ಲಿನಲ್ಲಿ ಎಚ್ಚರಿಸಬೇಕು, ಬಾಕಿ ತೀರಿಸಿ ಕಾರ್ಡ್ ರದ್ದು ಮಾಡಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮಾಡಬೇಕು. ಆದರೆ ಬಿಲ್ಲನ್ನು ಓದಬೇಕಾದವರು ನಾವೇ.

ಇನ್ನು ಬರಲಿರುವ ಸಂಬಳದ ಮಾತು. ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಕೊಡಬೇಕೆಂಬ ನಿಯಮವಿದ್ದರೂ ಎಲ್ಲೆಡೆ ಅದು ಸರಿಯಾಗಿ ಸಿಗುತ್ತಿಲ್ಲ. ಸ್ಟೈಪೆಂಡ್ ಕೊಡದ ಕಾಲೇಜುಗಳ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಎಂ.ಡಿ. ಮುಗಿದ ಬಳಿಕವೂ ಸೀನಿಯರ್ ರೆಸಿಡೆನ್ಸಿ, ಸೂಪರ್ ಸ್ಪೆಷಾಲಿಟಿ ಎಂದು ದಾರಿ ಉದ್ದವಾಗಬಹುದು. ಕೈಗೆ ಬಾರದ ಸಂಬಳವನ್ನು ಇಂದೇ ಖರ್ಚು ಮಾಡಿದರೆ, ನಾಳೆ ಆಕೆ ಕೆಲಸ ಆರಿಸುವಾಗ ಮನಸ್ಸಿಗಿಂತ ಮೊದಲು ಸಾಲ ಮಾತಾಡುತ್ತದೆ. ಹಳ್ಳಿಯ ಆಸ್ಪತ್ರೆಯಲ್ಲಿ ಸೇವೆ ಮಾಡಬೇಕೆಂಬ ಆಸೆ ಎಷ್ಟೋ ಬಾರಿ ಹೀಗೆಯೇ ಕಮರಿಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಕಾರ್ಡನ್ನು ಬೀರುವಿನೊಳಗಿಟ್ಟು ಬೀಗ ಹಾಕಿ. ಬಾಕಿಯನ್ನು ಕಡಿಮೆ ಬಡ್ಡಿಯ ಬ್ಯಾಂಕ್ ಅಥವಾ ಸಹಕಾರಿ ಸಂಘದ ಸಾಲಕ್ಕೆ ವರ್ಗಾಯಿಸಿ. ಒಂದಕ್ಕಿಂತ ಹೆಚ್ಚು ಕಾರ್ಡ್ ಇದ್ದರೆ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಕಾರ್ಡಿನಿಂದ ನಗದು ತೆಗೆಯಲೇಬೇಡಿ. ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಕಾಲೇಜು ಶುಲ್ಕಕ್ಕೆ ಶಿಕ್ಷಣ ಸಾಲವೇ ಸರಿ. ಸಾಮಾನ್ಯವಾಗಿ ಅದರ ಕಂತು ಓದು ಮುಗಿದು ಒಂದು ವರ್ಷದ ಬಳಿಕ ಆರಂಭವಾಗುತ್ತದೆ. ಪತ್ನಿಯ ಓದಿಗಾಗಿ ಪತಿ ಪಡೆದ ಸಾಲದ ಬಡ್ಡಿಗೂ ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ವಿನಾಯಿತಿ ಇದೆ. ಕಂತು ತಪ್ಪಿದರೂ ವಸೂಲಿಗಾರರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. 'ಓದುತ್ತಿರುವವಳಿಗೆ ಯಾಕೆ ಚಿಂತೆ' ಎಂದು ಪತಿ ಬಿಲ್ಲನ್ನು ಮುಚ್ಚಿಡುತ್ತಾನೆ. ಒಂದು ದಿನ ಬ್ಯಾಂಕಿನ ಫೋನು ಆಕೆ ಎತ್ತುತ್ತಾಳೆ. ಆಗ ಆಕೆಗೆ ನೋವಾಗುವುದು ಸಾಲದಿಂದಲ್ಲ, ತನಗೆ ತಿಳಿಸಲಿಲ್ಲವಲ್ಲ ಎಂಬುದರಿಂದ. ವಿವಾಹ ಪೂರ್ವ ಸಿದ್ಧತಾ ತರಗತಿ ನಡೆಸುವವರು ಯುವ ಜೋಡಿಗಳಿಗೆ ಹಣದ ವಿಷಯವನ್ನೂ ಬಿಡಿಸಿ ಹೇಳುವುದು ಒಳ್ಳೆಯದು. ನೈಟ್ ಡ್ಯೂಟಿ ಇಲ್ಲದ ಒಂದು ಸಂಜೆ ಇಬ್ಬರೂ ಬಿಲ್ಲನ್ನು ಮೇಜಿನ ಮೇಲಿಟ್ಟು ಕುಳಿತುಕೊಳ್ಳಲಿ. ಸಾಲ ಅಂದೇ ತೀರಲಾರದು. ಆದರೆ ಒಬ್ಬರೇ ಹೊತ್ತಿದ್ದ ಹೊರೆಗೆ ಇನ್ನೊಂದು ಹೆಗಲು ಸಿಗುತ್ತದೆ.