ಕೈ ಬೇಕು, ಸನ್ನೆ ಬೇಡ



ಈ ಸಲ ಒಂದು ಆಟದ ವಿಷಯ ಬರೀತಾ ಇದ್ದೇವೆ. ಚಳವಳಿಯ ಪತ್ರಿಕೇಲಿ ಆಟಕ್ಕೇನು ಕೆಲಸ ಅಂತ ಕೆಲವರು ಮೂಗು ಮುರೀಬಹುದು. ಕೊನೇವರೆಗೂ ಓದಿ, ಆಮೇಲೆ ಜಗಳಕ್ಕೆ ಬನ್ನಿ. ಅಮೆರಿಕದ ಗುಲಾಮರ ಬಿಡುಗಡೆಗೆ ದುಡಿದ ಜನರಿಗೆ ಮಹಾತ್ಮ ಫುಲೆ ತಮ್ಮ ‘ಗುಲಾಮಗಿರಿ’ಯನ್ನು 1873ರಲ್ಲೇ ಅರ್ಪಿಸಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟಿದ್ದೂ ಅಲ್ಲಿನ ಕಪ್ಪು ಜನರನ್ನು ನೋಡಿಯೇ. ಆ ಜನರ ಕತೆ ನಮಗೆ ಹೊರಗಿನದಲ್ಲ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ಟೊಲೆಡೊ ಅಂತ ಒಂದು ಊರು. ಅಲ್ಲಿನ ಬೇಸ್‌ಬಾಲ್ ತಂಡದ ಹೆಸರು ಬ್ಲೂ ಸ್ಟಾಕಿಂಗ್ಸ್, ನೀಲಿ ಕಾಲುಚೀಲದವರು. 1883ರಲ್ಲಿ ನಾರ್ತ್‌ವೆಸ್ಟರ್ನ್ ಲೀಗನ್ನು ಗೆದ್ದು, ಮರುವರ್ಷ ಅಮೆರಿಕನ್ ಅಸೋಸಿಯೇಷನ್ ಅನ್ನುವ ದೊಡ್ಡ ಲೀಗಿಗೆ ಏರಿತು. 1884ರ ಆ ಒಂದು ವರ್ಷದಲ್ಲಿ 46 ಆಟ ಗೆದ್ದಿತು, 58 ಸೋತಿತು, ಎಂಟನೇ ಜಾಗಕ್ಕೆ ನಿಂತಿತು. ಇಷ್ಟೇ ಆಗಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿರೋದು ಅದರ ಕ್ಯಾಚರ್‌ನಿಂದ. ಹೆಸರು ಮೋಸೆಸ್ ಫ್ಲೀಟ್‌ವುಡ್ ವಾಕರ್. ಕಪ್ಪು ಮನುಷ್ಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಎಸೆಯುವವನು ಪಿಚರ್. ಬ್ಯಾಟ್ ಹಿಡಿದವನ ಬೆನ್ನ ಹಿಂದೆ ನಿಂತು ಅದನ್ನು ಹಿಡಿಯುವವನು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆದರೆ ಕ್ಯಾಚರ್‌ಗೆ ಇನ್ನೊಂದು ಕೆಲಸ ಉಂಟು. ಇಡೀ ಮೈದಾನ ಅವನ ಕಣ್ಣೆದುರಿಗೆ ಇರುತ್ತೆ. ಎಂಥ ಚೆಂಡು ಎಸೀಬೇಕು ಅಂತ ಅವನು ಕೈಸನ್ನೆ ಮಾಡಬೇಕು, ಪಿಚರ್ ಅದನ್ನು ನೋಡಿ ಎಸೀಬೇಕು. ಆ ಕಾಲಕ್ಕೆ ಈಗಿನಂಥ ದಪ್ಪ ಕೈಗವಸೂ ಇರಲಿಲ್ಲ. ಬರಿಗೈ, ಇಲ್ಲಾಂದ್ರೆ ತೆಳ್ಳನೆಯ ಚರ್ಮದ ಗವಸು. ಎಂಥ ಚೆಂಡು ಬರುತ್ತೆ ಅಂತ ಮೊದಲೇ ಗೊತ್ತಿರದಿದ್ದರೆ ಬೆರಳು ಉಳಿಯೋದು ಕಷ್ಟ.

ವಾಕರ್ ಹುಟ್ಟಿದ್ದು 1856ರಲ್ಲಿ. ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1865ರಲ್ಲಿ. ಮುಂದೆ ಅವನು ಓಬರ್ಲಿನ್ ಕಾಲೇಜಿಗೂ ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಹೋಗಿ ಓದಿದ, ಎರಡೂ ಕಡೆ ಆಡಿದ. ಕಾಲೇಜಿನ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಹೊರಗಿನ ಬಾಗಿಲು ತೆರೆದುಕೊಂಡವೇ? 1881ರಲ್ಲಿ ಕ್ಲೀವ್‌ಲೆಂಡಿನ ಒಂದು ತಂಡದ ಜೊತೆ ದಕ್ಷಿಣದ ಲೂಯಿವಿಲ್ ಊರಿಗೆ ಆಡಲು ಹೋದ. ಎದುರು ತಂಡದವರು ಇವನಿದ್ದರೆ ಆಡೋಲ್ಲ ಅಂದರು. ಇವನನ್ನು ಹೊರಗೆ ಕೂರಿಸಿದರು. ಇವನ ಬದಲಿಗೆ ನಿಂತವನು ಕೈಗೆ ಪೆಟ್ಟು ತಿಂದು ಹಿಂದೆ ಸರಿದ. ಪ್ರೇಕ್ಷಕರೇ ‘ವಾಕರ್ ಬರಲಿ’ ಅಂತ ಕೂಗಿದರು. ವಾಕರ್ ಎದ್ದು ಬಂದ, ಎದುರು ತಂಡದ ಕೆಲವರು ಮೈದಾನ ಬಿಟ್ಟು ನಡೆದರು. ಕೊನೆಗೆ ಅವನು ಆಡಲೇ ಇಲ್ಲ. ಜನ ಕರೆದರೂ ಬಾಗಿಲು ಕಾಯುವವರು ಬಿಡಲಿಲ್ಲ.

1883ರ ಆಗಸ್ಟ್‌ನಲ್ಲಿ ಷಿಕಾಗೋದ ಹೆಸರುವಾಸಿ ತಂಡ ಟೊಲೆಡೊಗೆ ಬಂತು. ಅದರ ನಾಯಕ ಕ್ಯಾಪ್ ಆನ್ಸನ್, ಆ ಕಾಲದ ದೊಡ್ಡ ಆಟಗಾರ. ಕಪ್ಪು ಮನುಷ್ಯ ಇರೋ ಮೈದಾನಕ್ಕೆ ನಾನು ಇಳಿಯೋಲ್ಲ ಅಂದ. ವಾಕರ್ ಕೈನೋವಿನಿಂದ ಆವತ್ತು ಆಡೋನೇ ಅಲ್ಲ. ಟೊಲೆಡೊ ಮ್ಯಾನೇಜರ್ ಚಾರ್ಲಿ ಮಾರ್ಟನ್‌ಗೆ ರೇಗಿತು. ಬೇಕಂತಲೇ ವಾಕರ್‌ನ ಹೆಸರು ಬರೆದ. ಆಡದಿದ್ದರೆ ಟಿಕೆಟ್ ದುಡ್ಡಿನಲ್ಲಿ ನಿಮ್ಮ ಪಾಲು ಸಿಗೋಲ್ಲ ಅಂದ. ಆನ್ಸನ್ ತೆಪ್ಪಗೆ ಇಳಿದು ಆಡಿದ! ಬಣ್ಣದ ಹಮ್ಮು ದುಡ್ಡಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇನ್ನೊಂದು ಕೆಲಸ ಮಾಡಿತು. ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಎಲ್ಲರಿಗೂ ಸಮಾನ ಪ್ರವೇಶ ಅಂತ 1875ರಲ್ಲಿ ಆಗಿದ್ದ ಕಾನೂನನ್ನು ಹೊಡೆದುಹಾಕಿತು. ಖಾಸಗಿಯವರು ಮಾಡುವ ಭೇದವನ್ನು ತಡೆಯುವ ಅಧಿಕಾರ ಅಲ್ಲಿನ ಸಂಸತ್ತಿಗೆ ಇಲ್ಲ ಅಂತ ತೀರ್ಪು. ಇದಾದ ಏಳನೇ ತಿಂಗಳಿಗೆ, 1884ರ ಮೇ 1ರಂದು, ಟೊಲೆಡೊ ತನ್ನ ಮೊದಲ ಆಟ ಆಡಿದ್ದು ಎಲ್ಲಿ? ಅದೇ ಲೂಯಿವಿಲ್‌ನಲ್ಲಿ. ಮೂರು ವರ್ಷದ ಹಿಂದೆ ಆಡಗೊಡದ ಊರಿಗೆ ವಾಕರ್ ದೊಡ್ಡ ಲೀಗಿನ ಆಟಗಾರನಾಗಿ ಇಳಿದ. ಆವತ್ತು ಅವನ ಆಟ ಏರಲಿಲ್ಲ, ಕೈತಪ್ಪುಗಳಾದವು, ತಂಡ ಸೋತಿತು. ಅಂಥ ಊರಲ್ಲಿ ಅಷ್ಟು ಕಣ್ಣುಗಳ ಮುಂದೆ ನಿಂತವನ ಕೈ ನಡುಗಿದ್ದರೆ ಅದೇನು ಆಶ್ಚರ್ಯ?

ಈಗ ಮುಖ್ಯ ಮಾತಿಗೆ ಬರೋಣ. ಆ ತಂಡದ ದೊಡ್ಡ ಪಿಚರ್ ಟೋನಿ ಮುಲ್ಲೇನ್. ಆ ವರ್ಷ ತಂಡ ಗೆದ್ದ 46ರಲ್ಲಿ 36 ಗೆಲುವು ಅವನ ಲೆಕ್ಕಕ್ಕೆ. ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವನು. ಐರಿಷ್ ಜನರೂ ಆ ದೇಶದಲ್ಲಿ ಅವಮಾನ ಉಂಡವರೇ. ಆದರೂ ತನಗಿಂತ ಕೆಳಗೆ ಒಬ್ಬ ಬೇಕು ಅವನಿಗೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದರ ಗಾಳಿ ಅಲ್ಲೂ ಬೀಸುತ್ತಿತ್ತು. ಎಷ್ಟೋ ವರ್ಷದ ಮೇಲೆ, 1919ರಲ್ಲಿ, ಮುಲ್ಲೇನ್ ತಾನೇ ಬಾಯಿಬಿಟ್ಟ. ನಾನು ಕಂಡ ಕ್ಯಾಚರ್‌ಗಳಲ್ಲೆಲ್ಲ ವಾಕರನೇ ಶ್ರೇಷ್ಠ, ಆದರೆ ಕಪ್ಪು ಮನುಷ್ಯ ನನಗೆ ಆಗುತ್ತಿರಲಿಲ್ಲ, ಅವನ ಸನ್ನೆ ನೋಡದೆ ನನಗೆ ಬೇಕಾದ್ದು ಎಸೀತಿದ್ದೆ ಅಂತ. ಕೊನೆಗೊಂದು ದಿನ ವಾಕರ್ ನೇರವಾಗಿ ಬಂದು, ಸನ್ನೆ ಇಲ್ಲದೆಯೇ ಹಿಡೀತೀನಿ, ಆದರೆ ಸನ್ನೆ ಕೊಟ್ಟ ಮೇಲೆ ಅದನ್ನು ಮೀರಿ ಎಸೆದರೆ ಹಿಡಿಯೋಲ್ಲ ಅಂದನಂತೆ. ಆಮೇಲೆ ಉಳಿದ ಆಟಗಳಲ್ಲೆಲ್ಲ ಏನು ಬರುತ್ತೆ ಅಂತ ತಿಳಿಯದೆಯೇ ಅವನು ಹಿಡಿದ.

ಇದನ್ನು ಎರಡು ಸಲ ಓದಿ. ಅವನಷ್ಟು ಒಳ್ಳೆ ಕ್ಯಾಚರ್ ಇಲ್ಲ ಅಂತ ಎದುರಾಳಿಯೇ ಒಪ್ಪುತ್ತಾನೆ. ಇದಕ್ಕಿಂತ ದೊಡ್ಡ ಮೆರಿಟ್ ಸರ್ಟಿಫಿಕೇಟು ಬೇಕೇ? ಆದರೂ ಅವನ ಕೈ ಬೇಕು, ಅವನ ಸನ್ನೆ ಬೇಡ. ದುಡಿಮೆ ಬೇಕು, ಮಾತು ಬೇಡ. ಇನ್ನೂ ಒಂದಿದೆ. ಸನ್ನೆ ಮೀರಿ ಬಂದ ಚೆಂಡು ಕೈತಪ್ಪಿದರೆ ಸ್ಕೋರ್ ಪುಸ್ತಕದಲ್ಲಿ ಅದು ಯಾರ ಹೆಸರಿಗೆ ಬೀಳುತ್ತೆ? ಪಿಚರ್‌ನ ದ್ವೇಷಕ್ಕೆ ಆ ಪುಸ್ತಕದಲ್ಲಿ ಕಲಂ ಇಲ್ಲ. ಕ್ಯಾಚರ್‌ನ ತಪ್ಪಿಗೆ ಮಾತ್ರ ಇದೆ.

ಮೆರಿಟ್ ಮೆರಿಟ್ ಅಂತ ನಮ್ಮ ಕಿವೀಲಿ ಊದುವವರಿಗೆ ನಾವು ಕೇಳಬೇಕಾದ್ದು ಇದನ್ನೇ. ಅಂಕಪಟ್ಟಿ ತೋರಿಸ್ತೀರಲ್ಲ ಸ್ವಾಮಿ, ಚೆಂಡು ಎಸೆದವನು ಯಾರು? ಲ್ಯಾಬಿನಲ್ಲಿ ಜೊತೆಗೆ ನಿಲ್ಲದವನು ಯಾರು? ನೋಟ್ಸು ಕೊಡದವನು ಯಾರು? ವೈವಾದಲ್ಲಿ ಮೊದಲು ಅಪ್ಪನ ಹೆಸರು, ಆಮೇಲೆ ಊರು, ಆಮೇಲೆ ಕೇರಿ ಕೇಳಿದವನು ಯಾರು? ಅದಕ್ಕೆಲ್ಲ ಕಲಂ ಎಲ್ಲಿದೆ?

ಇಷ್ಟರ ನಡುವೆಯೂ ವಾಕರ್ 42 ಆಟ ಆಡಿದ. ಬ್ಯಾಟಿಂಗ್ ಸರಾಸರಿ 0.263, ತಂಡದ ಒಟ್ಟು ಸರಾಸರಿಗಿಂತ ಮೇಲೆ. ಅವನ ತಮ್ಮ ವೆಲ್ಡಿಯೂ ಅದೇ ತಂಡಕ್ಕೆ ಕೆಲವು ಆಟ ಆಡಿದ. ವಾಕರ್‌ಗೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ರಿಚ್ಮಂಡ್‌ನಿಂದ ಮ್ಯಾನೇಜರ್ ಮಾರ್ಟನ್‌ಗೆ ಒಂದು ಕಾಗದ ಬಂತು. ವಾಕರ್ ಮೈದಾನಕ್ಕೆ ಇಳಿದರೆ ಅವನ ಮೇಲೆ ಬೀಳಲು 75 ಜನ ಆಣೆ ಮಾಡಿದ್ದಾರೆ, ರಕ್ತ ಬೇಡ ಅಂದ್ರೆ ಅವನನ್ನು ಕರೆತರಬೇಡ ಅನ್ನೋ ಬೆದರಿಕೆ. ಕೆಳಗೆ ಸುಳ್ಳು ಹೆಸರಿನ ನಾಲ್ಕು ಸಹಿ. ಎಪ್ಪತ್ತೈದು ಗಂಡಸರಲ್ಲಿ ನಿಜವಾದ ಹೆಸರು ಬರೆಯೋಕೆ ಒಬ್ಬನಿಗೂ ಎದೆ ಇರಲಿಲ್ಲ! ಅಷ್ಟರಲ್ಲಿ ಗಾಯದಿಂದ ಆಡಲಾಗದ ವಾಕರ್‌ನನ್ನು ತಂಡ ಕೈಬಿಟ್ಟಿತ್ತು. ವರ್ಷ ಮುಗಿಯೋ ಹೊತ್ತಿಗೆ ತಂಡವೂ ಆ ಲೀಗಿನಿಂದ ಹೊರಬಿತ್ತು.

ಆಮೇಲೆ? 1887ರ ಜುಲೈ 14ರಂದು ನ್ಯೂಅರ್ಕ್‌ನಲ್ಲಿ ಅದೇ ಆನ್ಸನ್ ಮತ್ತೆ ಬಂದ. ಅಲ್ಲಿ ವಾಕರ್ ಜೊತೆ ಜಾರ್ಜ್ ಸ್ಟೋವಿ ಅನ್ನೋ ಕಪ್ಪು ಪಿಚರ್ ಇದ್ದ. ಆನ್ಸನ್ ಅದೇ ಹಟ ಹಿಡಿದ. ಈ ಸಲ ಎದುರು ನಿಲ್ಲೋ ಮಾರ್ಟನ್ ಇರಲಿಲ್ಲ. ಇಬ್ಬರೂ ಆಡಲಿಲ್ಲ. ಅದೇ ದಿನ ಇಂಟರ್‌ನ್ಯಾಷನಲ್ ಲೀಗಿನವರು ಸಭೆ ಸೇರಿ ಇನ್ನು ಮುಂದೆ ಕಪ್ಪು ಆಟಗಾರರಿಗೆ ಹೊಸ ಕರಾರು ಇಲ್ಲ ಅಂತ ಮತ ಹಾಕಿದರು. ದೊಡ್ಡ ಲೀಗುಗಳು ಕಾಗದದ ಮೇಲೆ ಏನೂ ಬರೀಲಿಲ್ಲ. ಬರೆಯದೆಯೇ 1947ರವರೆಗೆ, ಜ್ಯಾಕಿ ರಾಬಿನ್‌ಸನ್ ಬರೋವರೆಗೆ, ಬಾಗಿಲು ಹಾಕಿಕೊಂಡರು. ನಮ್ಮೂರ ಹೋಟೆಲಿನಲ್ಲಿ ಬೇರೆ ಲೋಟ ಇಡೋರು ಯಾವತ್ತಾದರೂ ಬೋರ್ಡು ಹಾಕಿದ್ದುಂಟೇ?

ಇದೆಲ್ಲ ಅಮೆರಿಕದ್ದು ಅಂತೀರಾ? 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಲೂ ಕತೆ ಕೇಳಿ. ಚಮ್ಮಾರ ಜಾತಿಯವರು. ಪೂನಾದಲ್ಲಿ ಹಿಂದೂ ತಂಡಕ್ಕೆ ವಿಕೆಟ್ ತೆಗೆದುಕೊಟ್ಟರು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿದ್ದು 1923ರಲ್ಲಿ. ಅಲ್ಲೂ ಅದೇ: ಕೈ ಬೇಕು, ಸನ್ನೆ ಬೇಡ.

ಟೊಲೆಡೊದ ಆ ವರ್ಷ ನಮಗೆ ಹೇಳೋದು ಇಷ್ಟು. ಒಬ್ಬ ಒಳ್ಳೆ ಮ್ಯಾನೇಜರ್ ಎದುರು ನಿಂತ ದಿನ ವಾಕರ್ ಆಡಿದ. ಅವನು ಇಲ್ಲದ ದಿನ ಹೊರಗೆ ಕೂತ. ಯಾರದೋ ಒಳ್ಳೇತನದಿಂದ ಸಿಕ್ಕಿದ ಜಾಗ ಆ ಒಳ್ಳೇತನ ಇರೋ ತನಕ ಮಾತ್ರ. ಮುಂದೆ 1920ರಲ್ಲಿ ರೂಬ್ ಫಾಸ್ಟರ್ ಮುಂತಾದವರು ಕೂಡಿ ಕಪ್ಪು ಜನರದ್ದೇ ಲೀಗು ಕಟ್ಟಿದರು. ಅಲ್ಲಿ ಪಿಚರ್ ನಮ್ಮವನು, ಕ್ಯಾಚರ್ ನಮ್ಮವನು, ಸ್ಕೋರ್ ಬರೆಯೋನೂ ನಮ್ಮವನು. ಆ ಲೀಗುಗಳ ಅಂಕಿಗಳನ್ನು 2024ರಲ್ಲಿ ದೊಡ್ಡ ಲೀಗಿನವರೇ ತಮ್ಮ ದಾಖಲೆಗೆ ಸೇರಿಸಿಕೊಂಡರು. ಸೇರಿಸಿದ ಕೂಡಲೇ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಹೆಸರು ಜಾಷ್ ಗಿಬ್ಸನ್. ಅವನೂ ಒಬ್ಬ ಕಪ್ಪು ಕ್ಯಾಚರ್.

ಹಾಸ್ಟೆಲಿನ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಕ್ಲಾಸಿನಲ್ಲಿ, ತಂಡದಲ್ಲಿ, ನಾಳೆ ಆಫೀಸಿನಲ್ಲಿ ಒಬ್ಬರೇ ಇರ್ತೀರಿ, ವಾಕರ್ ಇದ್ದ ಹಾಗೆ. ಸನ್ನೆ ನೋಡದ ಚೆಂಡನ್ನೂ ಹಿಡೀತೀರಿ, ಆ ತಾಕತ್ತು ನಿಮಗಿದೆ. ಆದರೆ ಒಬ್ಬರೇ ಹಿಡೀತಾ ಬೆರಳು ಮುರ್ಕೋಬೇಡಿ. ಪಕ್ಕದ ರೂಮಿನವನನ್ನು ಕರೀರಿ. ವಾರಕ್ಕೊಂದು ದಿನ ಕೂತು ಮಾತಾಡಿ. ಸ್ಕಾಲರ್‌ಶಿಪ್ಪು ಯಾಕೆ ಬರಲಿಲ್ಲ, ವೈವಾದಲ್ಲಿ ಏನು ಕೇಳಿದರು, ಯಾರು ಯಾವತ್ತು ಏನಂದರು, ಎಲ್ಲ ತಾರೀಖು ಹಾಕಿ ಬರೆದಿಡಿ. ಅವರ ಪುಸ್ತಕದಲ್ಲಿ ಇಲ್ಲದ ಕಲಂ ನಮ್ಮ ಪುಸ್ತಕದಲ್ಲಿ ಇರಲಿ. ಬರೆದದ್ದನ್ನು ಮುಂದಿನ ಸಭೆಗೆ ತನ್ನಿ, ಎಲ್ಲರ ಮುಂದೆ ಓದೋಣ.

ಜೈ ಭೀಮ್.