ಮೇದೋಜೀರಕದ ಅರ್ಬುದವೂ ಅದರ ಛಾಯಾಪರೀಕ್ಷೆಯೂ

ವಾಚಕರೊಬ್ಬರು ತಮ್ಮ ಅಣ್ಣನವರ ವಿಷಯವಾಗಿ ನಮಗೊಂದು ಕಾಗದ ಬರೆದಿರುವರು. ನೋವಿಲ್ಲದೆ, ಜ್ವರವಿಲ್ಲದೆ ಅಣ್ಣನವರ ಕಣ್ಣು ಹಳದಿಯಾಯಿತಂತೆ. ಕಾಮಾಲೆಯೆಂದು ಬಗೆದು ಮನೆಯವರು ಒಂದು ತಿಂಗಳು ನೆಲನೆಲ್ಲಿಯ ರಸವನ್ನೂ ಪಥ್ಯವನ್ನೂ ನಡೆಸಿದರು. ಬಣ್ಣವಿಳಿಯದೆ, ಮೈ ನವೆಯೇರಿ, ದೇಹ ಸೊರಗಿದ ಬಳಿಕ ಆಸ್ಪತ್ರೆಗೆ ಹೋಗಲು, ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಅರ್ಬುದವಿದೆಯೆಂದು ತಿಳಿದುಬಂದಿತು. "ಗಂಟು ಮೂರು ಸೆಂಟಿಮೀಟರು ಮಾತ್ರವಂತೆ. ಆದರೂ ಈಗ ಕೊಯ್ಯಲಾಗದೆನ್ನುವರು. ನಾವು ಹಣವುಳ್ಳವರಲ್ಲವೆಂದು ಹಾಗೆಂದರೋ?" ಎಂಬುದು ಅವರ ಪ್ರಶ್ನೆ. ಇಂತಹ ಸಂಶಯ ಅನೇಕ ಮನೆಗಳಲ್ಲಿ ಹುಟ್ಟತಕ್ಕದ್ದೇ ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಈ ಗ್ರಂಥಿಯು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುವುದು. ಪಿತ್ತವನ್ನು ಕರುಳಿಗೊಯ್ಯುವ ನಾಳವು ಗ್ರಂಥಿಯ ತಲೆಯನ್ನು ಹಾದುಹೋಗುವುದರಿಂದ, ಅಲ್ಲಿ ಗಂಟು ಬೆಳೆದರೆ ನಾಳವು ಅದುಮಿಹೋಗಿ ಮೈ ಹಳದಿಯಾಗುವುದು, ಮಲವು ಬಿಳಿಚುವುದು. ಗಂಟು ನಡುವಿನಲ್ಲಿಯೋ ಬಾಲದಲ್ಲಿಯೋ ಇದ್ದರೆ ಪ್ರಾಯಶಃ ಈ ಎಚ್ಚರಿಕೆಯೂ ಇರದು. ನೆಲನೆಲ್ಲಿಯನ್ನು ನಾವು ನಿಂದಿಸುವವರಲ್ಲ. ನಮ್ಮ ಹಿತ್ತಿಲಿನಲ್ಲಿಯೂ ಅದುಂಟು. ಆದರೆ ವಯಸ್ಸಾದವರಲ್ಲಿ ನೋವಿಲ್ಲದೆ ಕಾಮಾಲೆ ತೋರಿದರೆ ಒಂದು ವಾರವನ್ನೂ ಕಳೆಯಬಾರದು.

ಮೊದಲು ಮಾಡುವುದು ಸಾಮಾನ್ಯವಾಗಿ ಹೊಟ್ಟೆಯ ಅಲ್ಟ್ರಾಸೌಂಡ್. ಪಿತ್ತನಾಳ ಹಿಗ್ಗಿರುವುದನ್ನು ಅದು ಚೆನ್ನಾಗಿ ತೋರಿಸುವುದು. ಆದರೆ ಅದರ ಶಬ್ದತರಂಗಗಳು ಕರುಳಿನ ವಾಯುವನ್ನು ದಾಟಲಾರವು. ಆದಕಾರಣ ಅಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗತಕ್ಕದ್ದಲ್ಲ.

ಮುಖ್ಯವಾದುದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರವು ಮೊದಲು ನೋಡಿದ್ದು ರೋಗಿಯ ತಲೆಯನ್ನು. ಹೊಟ್ಟೆಯ ಸರದಿ ಆಮೇಲೆ ಬಂದಿತು. ಈ ಗ್ರಂಥಿಗಾಗಿ ಮಾಡುವ ಸ್ಕ್ಯಾನಿನಲ್ಲಿ ಅಯೋಡಿನ್ ಬೆರೆತ ದ್ರವವನ್ನು ಕೈಯ ರಕ್ತನಾಳಕ್ಕೆ ಚುಚ್ಚಿ, ಸುಮಾರು 40ರಿಂದ 50 ಸೆಕೆಂಡಿಗೊಮ್ಮೆ, 70 ಸೆಕೆಂಡಿನ ಸುಮಾರಿಗೆ ಮತ್ತೊಮ್ಮೆ ಚಿತ್ರ ತೆಗೆಯುವರು. ಮೊದಲನೆಯದರಲ್ಲಿ ಗ್ರಂಥಿಯೆಲ್ಲ ಬೆಳಗುವುದು; ರಕ್ತಸಂಚಾರ ಕಡಿಮೆಯಾದ ಅರ್ಬುದವು ಮಬ್ಬಾಗಿ ಉಳಿಯುವುದು. ಎರಡನೆಯದರಲ್ಲಿ ಯಕೃತ್ತೂ ಅಭಿಧಮನಿಗಳೂ ಸ್ಪಷ್ಟವಾಗುವುವು. ಕೆಲವು ಗಂಟುಗಳು ಆಗಲೂ ಬೇರೆಯಾಗಿ ತೋರವು. ಆಗ ಬಾಯಿಯ ಮೂಲಕ ಸಣ್ಣ ಅಲ್ಟ್ರಾಸೌಂಡ್ ಉಪಕರಣವನ್ನು ಇಳಿಸಿ, ಜಠರದೊಳಗಿನಿಂದಲೇ ಗ್ರಂಥಿಯನ್ನು ನೋಡಿ, ಸೂಜಿಯಿಂದ ಚೂರೊಂದನ್ನು ಪರೀಕ್ಷೆಗೆ ತೆಗೆಯುವರು. ಯಕೃತ್ತಿನ ಸಣ್ಣ ಮಚ್ಚೆಗಳ ಸಂಶಯವಿದ್ದರೆ ಎಂ.ಆರ್.ಐ. ಉಪಯುಕ್ತ.

ಇನ್ನು ಪ್ರಶ್ನೆಗೆ ಬರೋಣ. ಶಸ್ತ್ರವೈದ್ಯರು ಆ ಚಿತ್ರದಲ್ಲಿ ಗಂಟಿನ ಅಳತೆಗಿಂತಲೂ ಅದರ ನೆರೆಹೊರೆಯನ್ನು ನೋಡುವರು. ಗ್ರಂಥಿಯ ಕೊರಳಿನ ಹಿಂದೆಯೇ ಕರುಳಿಗೆ ರಕ್ತವೊಯ್ಯುವ ದೊಡ್ಡ ಧಮನಿಯೊಂದು ಇಳಿಯುವುದು. ಗಂಟು ಇದನ್ನು ಮುಟ್ಟಿರದಿದ್ದರೆ ಅನುಕೂಲ; ಸುತ್ತಳತೆಯ ಅರ್ಧ, ಎಂದರೆ 180 ಡಿಗ್ರಿಯೊಳಗೆ ತಬ್ಬಿದ್ದರೆ ಅದು ಗಡಿಯ ಸ್ಥಿತಿ; ಅದಕ್ಕೂ ಮಿಕ್ಕಿದ್ದರೆ ಮೊದಲಿಗೇ ಕೊಯ್ಯುವಂತಿಲ್ಲ. ಅಭಿಧಮನಿಯ ತುಂಡನ್ನು ತೆಗೆದು ಮರಳಿ ಜೋಡಿಸುವ ಕುಶಲರುಂಟು. ಈ ಧಮನಿಯ ಮಾತು ಬೇರೆ. ದೇವಾಲಯದ ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯ ಸಸಿ ಗೇಣುದ್ದವೇ ಇರಬಹುದು. ಕೀಳಹೋದರೆ ಕಲ್ಲೇ ಸಡಿಲುವುದು. ಯಕೃತ್ತಿಗೆ ಹರಡಿದ್ದರಂತೂ ಗಂಟು ಚಿಕ್ಕದಾದರೂ ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಹಣದ ಸಂಶಯವನ್ನು ಪತ್ರಲೇಖಕರು ಬಿಡಬೇಕೆಂದು ನಮ್ಮ ಪ್ರಾರ್ಥನೆ.

ವೈದ್ಯರು "ಈಗ" ಎಂದಿರುವುದನ್ನೂ ಅವರು ಗಮನಿಸಲಿ. ಹರಡಿಲ್ಲದಿದ್ದರೆ ಕೆಲವು ತಿಂಗಳು ಕಿಮೊಥೆರಪಿ ಕೊಟ್ಟು ಮತ್ತೆ ಚಿತ್ರ ತೆಗೆಯುವರು. ಕೆಲವರಿಗೆ ಆಮೇಲೆ ಶಸ್ತ್ರಕ್ರಿಯೆ ಸಾಧ್ಯವಾಗುವುದುಂಟು. ಇನ್ನೊಂದು ಮಾತು: ಕಾಮಾಲೆಯಿಳಿಸಲು ಪಿತ್ತನಾಳದಲ್ಲಿ ಕೊಳವೆಯಿಡುವ ಮುನ್ನವೇ ಸಿ.ಟಿ. ಆಗಿದ್ದರೆ ಲೇಸು. ಕೊಳವೆಯಿಂದಲೂ ಅದರಿಂದುಂಟಾಗುವ ಊತದಿಂದಲೂ ಚಿತ್ರ ಕಲಕುವುದು. ಅಣ್ಣನವರಿಗೆ ಯಾವುದು ಮೊದಲಾಯಿತೆಂದು ಕಾಗದದಲ್ಲಿಲ್ಲ.

ಎರಡನೆಯ ಅಭಿಪ್ರಾಯವನ್ನು ಧಾರಾಳವಾಗಿ ಕೇಳಬಹುದು. ಆದರೆ ವರದಿಯ ಹಾಳೆಯೊಂದನ್ನೇ ಒಯ್ದರೆ ಸಾಲದು, ಸ್ಕ್ಯಾನಿನ ಸಿ.ಡಿ.ಯನ್ನು ಕೇಳಿ ಪಡೆದು, ಈ ಶಸ್ತ್ರಕ್ರಿಯೆಯನ್ನು ಮೇಲಿಂದ ಮೇಲೆ ಮಾಡುವ ಆಸ್ಪತ್ರೆಗೆ ಹೋಗಿ, ಗಂಟು ಧಮನಿಯನ್ನು ಎಷ್ಟು ಸುತ್ತಿದೆ, ಯಕೃತ್ತು ಶುದ್ಧವಾಗಿದೆಯೆ ಎಂಬೆರಡನ್ನು ಕೇಳಲಿ.