ಗಡಿ ದಾಟಿದ ಮಜೂರನು ಯಾರವನು?

1956ರ ನವೆಂಬರ 1ರಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿತು. ಆದರೂ ನಿಪ್ಪಾಣಿ ಯಾರದೆಂಬ ವಾದವು ನಿಲ್ಲಲಿಲ್ಲ. 1967ರಲ್ಲಿ ಮಹಾಜನ ಆಯೋಗವು ವರದಿಯನ್ನಿತ್ತಿತು. 2004ರಲ್ಲಿ ಮಹಾರಾಷ್ಟ್ರ ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಭೂಮಿಗಾಗಿ ಇಷ್ಟೆಲ್ಲ ವಾದವು ನಡೆದಿರಲು, ಆ ಭೂಮಿಯಿಂದ ಹೊಟ್ಟೆಪಾಡಿಗಾಗಿ ಹೊರಬಿದ್ದ ಮಜೂರನು ಯಾರವನೆಂದು ಕೇಳಿದವರುಂಟೆ?

ಗಡಿಯಾಚೆಯ ಇಚಲಕರಂಜಿಯ ವಿದ್ಯುನ್ಮಗ್ಗಗಳಲ್ಲಿ ದುಡಿಯುವ ನಮ್ಮವರ ಸ್ಥಿತಿಯನ್ನು ನೋಡಿರಿ. ಹನ್ನೆರಡು ತಾಸಿನ ಪಾಳಿ. ಕೂಲಿಯು ನೆಯ್ದ ಬಟ್ಟೆಯ ಲೆಕ್ಕಕ್ಕೆ. ವಿದ್ಯುತ್ತು ನಿಂತರೆ ಕೂಲಿಯೂ ನಿಂತಂತೆಯೇ. ಹತ್ತಿಯ ಧೂಳು ಎದೆಯನ್ನು ಸೇರುತ್ತದೆ, ಮಗ್ಗದ ಸದ್ದು ಕಿವಿಯನ್ನು ಕೆಡಿಸುತ್ತದೆ. 1948ರ ಕಾರ್ಖಾನೆ ಶಾಸನವು ವಾರಕ್ಕೆ 48 ತಾಸುಗಳ ಮಿತಿಯನ್ನು ಹಾಕಿತ್ತು. ಮಗ್ಗದ ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ಆ ಮಿತಿಯನ್ನು ಎಣಿಸಿದವರು ವಿರಳ.

ಪರರಾಜ್ಯದ ಮಜೂರರಿಗಾಗಿಯೇ 1979ರಲ್ಲಿ ಒಂದು ಶಾಸನವಾಯಿತು. ಗುತ್ತಿಗೆದಾರನು ಕರೆದೊಯ್ದ ಪ್ರತಿಯೊಬ್ಬನಿಗೂ ಕೂಲಿಯ ವಿವರವುಳ್ಳ ಪಾಸ್ ಬುಕ್ಕನ್ನು ಅವನ ಸ್ವಭಾಷೆಯಲ್ಲಿಯೂ ಕೊಡತಕ್ಕದ್ದೆಂದು ಅದು ವಿಧಿಸಿತು. ಅಥಣಿಯ ಮಜೂರನ ಕೈಯಲ್ಲಿ ಕನ್ನಡದ ಲೆಕ್ಕ! ಇದಕ್ಕಿಂತ ದೊಡ್ಡ ಭಾಷಾಭಿಮಾನ ಯಾವುದು? ಆದರೆ ಅದಕ್ಕಾಗಿ ಹೋರಾಡಿದವರೆಷ್ಟು ಜನ? ತಾನಾಗಿಯೇ ಬಸ್ಸು ಹತ್ತಿ ಹೋದವನಂತೂ ಆ ಶಾಸನದ ಹೊರಗೇ ಉಳಿದನು. 2020ರ ಸಂಹಿತೆಯು ಅವನನ್ನು ಒಳಗೆ ಕರೆದುಕೊಂಡಿತು. ಸ್ಥಳಾಂತರದ ಭತ್ಯವನ್ನು ಮಾತ್ರ ಕೈಬಿಟ್ಟಿತು. ಅದೇ ವರ್ಷದ ಲಾಕ್‌ಡೌನಿನಲ್ಲಿ ಊರಿನ ಹಾದಿ ಹಿಡಿದು ಸತ್ತ ಮಜೂರರೆಷ್ಟೆಂದು ಸಂಸತ್ತಿನಲ್ಲಿ ಕೇಳಲಾಗಿ, ಲೆಕ್ಕವಿಲ್ಲವೆಂದು ಕೇಂದ್ರ ಸರಕಾರವು ಉತ್ತರವಿತ್ತಿತು.

ಅನ್ಯರನ್ನು ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಕೃಷ್ಣಾತೀರದ ನಮ್ಮ ಕಬ್ಬನ್ನು ಕಡಿಯಲು ಬೀಡ ಜಿಲ್ಲೆಯ ಮರಾಠಿ ಕುಟುಂಬಗಳು ಬರುತ್ತವೆ. ಗಂಡಹೆಂಡಿರಿಬ್ಬರನ್ನೂ ಕೂಡಿಸಿ ಒಂದೇ 'ಕೊಯ್ತಾ' ಎಂದೆಣಿಸುತ್ತಾರೆ. ಮುಂಗಡದ ಸಾಲವು ಅವರನ್ನು ಹಂಗಾಮು ಮುಗಿಯುವವರೆಗೆ ಬಿಗಿದಿಡುತ್ತದೆ. ಮಕ್ಕಳ ಶಾಲೆಯು ಊರಲ್ಲಿಯೇ ಉಳಿಯುತ್ತದೆ. ಇಚಲಕರಂಜಿಯಲ್ಲಿ ಕನ್ನಡಿಗನಿಗೆ ನ್ಯಾಯವನ್ನು ಬೇಡುವ ನಾವು ಕಾಗವಾಡದ ಗದ್ದೆಯಲ್ಲಿ ಮರಾಠಿಗನಿಗೆ ಅದನ್ನು ನಿರಾಕರಿಸಬಹುದೆ?

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಈ ಐದು ತಾಲೂಕುಗಳಲ್ಲಿ ಹೋಗುವ ಮತ್ತು ಬರುವ ಮಜೂರರ ಪಟ್ಟಿಯನ್ನು ಗ್ರಾಮಪಂಚಾಯತಿಗಳು ಇಡಲಿ. ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲಿ ಕೂಲಿಯ ಲೆಕ್ಕ ದೊರೆಯಲಿ. ತಂಟೆ ಬಂದಾಗ ಎರಡೂ ರಾಜ್ಯಗಳ ಕಾರ್ಮಿಕಾಧಿಕಾರಿಗಳು ಕೂಡಿಯೇ ಕುಳಿತು ತೀರಿಸಲಿ.

ಕನ್ನಡ ನಾಡು ಒಂದಾದುದು ನಕ್ಷೆಯ ಬಣ್ಣಕ್ಕಾಗಿ ಅಲ್ಲ. ದುಡಿಯುವವನ ಲೆಕ್ಕವನ್ನಿಡದ ನಾಡು ತನ್ನ ಎಲ್ಲೆಯನ್ನು ಎಷ್ಟು ಕಾಯ್ದರೇನು?